ಹಳಿಯ ತಲೆ, ಹಳಿಯ ಬುಡ

ಮೇಷ್ಟರು: ಸ್ವಾಮಿ, ತಾವು ಈ ಮೈಸೂರು-ಅರಸೀಕೆರೆ ಮಾರ್ಗದಲ್ಲಿ ಸ್ಟೇಷನ್ ಮಾಸ್ಟರಾಗಿ ಸೇವೆ ಸಲ್ಲಿಸಿ ಕೃಷ್ಣರಾಜನಗರದಲ್ಲಿಯೇ ನೆಲೆಸಿದವರು; ಆದುದರಿಂದ ಪಿರಿಯಾಪಟ್ಟಣದ ನಮ್ಮ ಶಾಲೆಯಲ್ಲಿ ಹುಟ್ಟಿದ ಒಂದು ಸಂದೇಹವನ್ನು ತಮ್ಮ ಮುಂದಿಡಲು ಬಂದಿದ್ದೇನೆ. ರೈಲಿನ ಪಾಠ ಹೇಳುತ್ತ, ಒಂದು ದಿಕ್ಕಿಗೆ ಹೋಗುವ ಗಾಡಿಯನ್ನು ಅಪ್ ಎಂದೂ ಅದಕ್ಕೆ ಎದುರಾಗಿ ಬರುವುದನ್ನು ಡೌನ್ ಎಂದೂ ರೈಲ್ವೆಯವರು ಕರೆಯುತ್ತಾರೆಂದು ನಾನು ತಿಳಿಸಿದೆ. ಕೂಡಲೇ ಒಬ್ಬ ಹುಡುಗ ಎದ್ದು, ಹಾಗಾದರೆ ಅಪ್ ಗಾಡಿ ದಿಣ್ಣೆ ಹತ್ತುತ್ತದೆಯೇ, ಡೌನ್ ಗಾಡಿ ಇಳಿಯುತ್ತದೆಯೇ ಎಂದು ಕೇಳಿದ. ಮಡಿಕೇರಿಯ ರಸ್ತೆಯನ್ನು ನೋಡಿ ಬೆಳೆದ ಹುಡುಗನಿಗೆ ಆ ಪ್ರಶ್ನೆ ಸಹಜವಾದದ್ದೇ.

ಹಿರಿಯರು: ಸಹಜವೂ ಹೌದು, ಯೋಗ್ಯವೂ ಹೌದು, ಮೇಷ್ಟ್ರೇ. ಆದರೆ ಈ ನಮ್ಮ ಹಳಿಯನ್ನೇ ಒಮ್ಮೆ ಮನಸ್ಸಿನಲ್ಲಿ ಅನುಸರಿಸಿ ನೋಡಿ. ಮೈಸೂರಿನಿಂದ ಹೊರಟದ್ದು ಬೆಳಗೊಳದ ಮೂಲಕ ಕಾವೇರಿಯ ಕಡೆಗೆ ತಗ್ಗಿ, ಕೃಷ್ಣರಾಜಸಾಗರದ ಹಿನ್ನೀರಿನ ಮಗ್ಗುಲಲ್ಲಿ ಸಾಗರಕಟ್ಟೆಯನ್ನು ಹಾದು, ನಮ್ಮ ಊರನ್ನು ಮುಟ್ಟಿ, ಅಕ್ಕಿಹೆಬ್ಬಾಳಿನಲ್ಲಿ ಹೇಮಾವತಿಯ ಸೀಮೆಯನ್ನು ಹೊಕ್ಕು, ಮಂದಗೆರೆ ಹೊಳೆನರಸೀಪುರಗಳ ಮೇಲೆ ಹಾಸನದ ಎತ್ತರದ ನೆಲಕ್ಕೆ ಏರಿ, ಅಲ್ಲಿಂದ ಮತ್ತೆ ಅರಸೀಕೆರೆಗೆ ಇಳಿಯುತ್ತದೆ. ಒಂದೇ ಗಾಡಿ ಒಂದೇ ಪ್ರಯಾಣದಲ್ಲಿ ಇಳಿದು, ಏರಿ, ಪುನಃ ಇಳಿಯುವಾಗ ಏರಿಳಿತವನ್ನು ನಂಬಿ ಅದಕ್ಕೆ ಒಂದು ಹೆಸರನ್ನು ಹೇಗೆ ಇಡುವುದು? ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿನವರೆಗೆ ಐವತ್ತು ಅಡಿಗೆ ಒಂದು ಅಡಿಯ ಇಳಿಜಾರಿನಲ್ಲಿ ಹಳಿ ಘಟ್ಟವನ್ನು ಇಳಿಯುತ್ತದಷ್ಟೆ. ಅಲ್ಲಿ ಹಿಡಿತ ತಪ್ಪಿದ ಗಾಡಿಯನ್ನು ಬೇರೆಡೆಗೆ ತಿರುಗಿಸಿ ನಿಲ್ಲಿಸುವ ಕ್ಯಾಚ್ ಸೈಡಿಂಗನ್ನು ಎಲ್ಲಿ ಇಡಬೇಕೆಂಬುದನ್ನು ಇಳಿಜಾರೇ ನಿರ್ಣಯಿಸುತ್ತದೆ. ಆದರೆ ಆ ಘಟ್ಟದಲ್ಲಿಯೂ ಗಾಡಿಯ ಅಪ್-ಡೌನ್ ಎಂಬ ನಾಮಕರಣ ಇಳಿಜಾರಿನ ಅಪ್ಪಣೆಯನ್ನು ಕೇಳುವುದಿಲ್ಲ.

ಮೇಷ್ಟರು: ಇಳಿಜಾರು ಬೇಡವಾದರೆ ದಿಕ್ಕುಗಳಿವೆಯಲ್ಲ. ಉತ್ತರದ ಗಾಡಿ, ದಕ್ಷಿಣದ ಗಾಡಿ ಎಂದಿದ್ದರೆ ಹುಡುಗನಿಗೂ ತಿಳಿಯುತ್ತಿತ್ತು, ನನಗೂ ತಿಳಿಯುತ್ತಿತ್ತು.

ಹಿರಿಯರು: ಹಳಿ ದಿಕ್ಸೂಚಿಗೆ ಅಧೀನವಾಗಿ ನಡೆಯುವುದಿಲ್ಲ. ಕೆರೆಯನ್ನು ಬಳಸಿ, ಗುಡ್ಡವನ್ನು ತಪ್ಪಿಸಿ, ಹೊಳೆಗೆ ಸೇತುವೆ ಕಟ್ಟಲು ಗಟ್ಟಿ ನೆಲವಿರುವ ಜಾಗವನ್ನು ಹುಡುಕಿಕೊಂಡು ಅದು ಬಾಗುತ್ತದೆ. ಮೈಸೂರಿನಿಂದ ವಾಯವ್ಯಕ್ಕೆ ಹೊರಟದ್ದು ನಡುವೆ ಪಶ್ಚಿಮಕ್ಕೂ ಉತ್ತರಕ್ಕೂ ಹೊರಳಿ, ಹಾಸನವನ್ನು ದಾಟಿದ ಮೇಲೆ ಅರಸೀಕೆರೆಯನ್ನು ಸೇರಲು ಈಶಾನ್ಯಕ್ಕೆ ಮುಖ ಮಾಡುತ್ತದೆ. ಇನ್ನು ಎಡ-ಬಲಗಳನ್ನಂತೂ ಹೇಳಬೇಕಾದುದೇ ಇಲ್ಲ. ನಾನು ಹೊರಳಿ ನಿಂತರೆ ನನ್ನ ಎಡವೇ ಬಲವಾಯಿತು. ತಾವು ನಾಲೆಯ ಸೀಮೆಯವರಾದುದರಿಂದ ಇದನ್ನು ನಾನು ನೀರಿನ ಮೂಲಕವೇ ತೋರಿಸಬಲ್ಲೆ. ಇಲ್ಲಿಯ ಚಾಮರಾಜ ಎಡದಂಡೆ ನಾಲೆ, ಬಲದಂಡೆ ನಾಲೆ, ಹೆಗ್ಗಡದೇವನಕೋಟೆಯ ಕಬಿನಿ ಜಲಾಶಯದ ಬಲದಂಡೆ ನಾಲೆ, ಈ ಹೆಸರುಗಳನ್ನು ದಿನವೂ ಕೇಳುತ್ತೇವೆ. ಯಾರ ಎಡ, ಯಾರ ಬಲ ಎಂದು ಯಾವ ರೈತನೂ ಕೇಳುವುದಿಲ್ಲ. ಹೊಳೆ ಹರಿಯುವ ಕಡೆಗೆ ಮುಖ ಮಾಡಿ ನಿಂತವನ ಎಡಗೈಯ ಕಡೆಯದು ಎಡದಂಡೆ. ನೋಡುವವನು ನೀರಿಗೆ ಎದುರಾಗಿಯೇ ನಿಲ್ಲಲಿ, ಅಡ್ಡವಾಗಿಯೇ ನಿಲ್ಲಲಿ, ಕತ್ತಲೆಯಲ್ಲಿಯೇ ಇರಲಿ, ದಂಡೆಯ ಹೆಸರು ಹೊರಳುವುದಿಲ್ಲ. ರೈಲಿಗೆ ಬೇಕಾದುದು ಅಂಥ ಹೆಸರು. ಆದರೆ ಹೊಳೆಗೆ ಹರಿವನ್ನು ಪ್ರಕೃತಿಯೇ ಕೊಟ್ಟಿದೆ, ಲಕ್ಷ್ಮಣತೀರ್ಥ ಹುಣಸೂರಿನಿಂದ ಹಿಂದಕ್ಕೆ ಹರಿದದ್ದುಂಟೇ? ಹಳಿಯ ಮೇಲಾದರೋ ಗಾಡಿ ಎರಡೂ ಕಡೆಗೆ ಹರಿಯುತ್ತದೆ. ಹೀಗಾಗಿ ಹಳಿಗೆ ತಲೆ ಯಾವುದು, ಬುಡ ಯಾವುದು ಎಂಬುದನ್ನು ಮನುಷ್ಯನೇ ಒಮ್ಮೆ ಕುಳಿತು ನಿರ್ಣಯಿಸಿ, ಬರೆದು, ಎಲ್ಲರಿಗೂ ಹಂಚಬೇಕಾಯಿತು.

ಮೇಷ್ಟರು: ಆ ನಿರ್ಣಯ ಮಾಡಿದವರು ಯಾರು? ಯಾವ ಊರನ್ನು ತಲೆಯೆಂದು ಎಣಿಸಿದರು?

ಹಿರಿಯರು: ಹಳಿ ಹಾಕಿದವರು ತಮ್ಮ ಮನೆಯನ್ನೇ ತಲೆಯೆಂದು ಎಣಿಸಿದರು. ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ ಲಂಡನ್ನಿನ ಕಡೆಗೆ ಹೋಗುವುದೆಲ್ಲ ಅಪ್. ಆದರೆ ಡಾರ್ಬಿ ನಗರವನ್ನು ಕೇಂದ್ರವಾಗಿ ಉಳ್ಳ ಮಿಡ್‌ಲೆಂಡ್ ಕಂಪೆನಿಗೆ ಡಾರ್ಬಿಯ ಕಡೆಯೇ ಅಪ್ ಆಗಿತ್ತು. ವೇಲ್ಸ್ ದೇಶದ ಟಾಫ್ ವೇಲ್ ಕಂಪೆನಿಯವರು ಮಾತ್ರ, ತಮ್ಮ ಹುಡುಗ ಕೇಳಿದಂತೆಯೇ, ಕಣಿವೆಯನ್ನು ಏರುವುದನ್ನೇ ಅಪ್ ಎಂದರು. ಜಪಾನಿನಲ್ಲಿ ಟೋಕಿಯೋ ಕಡೆಗೆ ಹೋಗುವುದು ಮೇಲ್ಮುಖ, ಚೀನಾದಲ್ಲಿ ಬೀಜಿಂಗ್ ಕಡೆಗೆ. ರಾಜಧಾನಿಗೆ ಹೋಗುವುದು ಏರುವುದು ಎಂಬ ಭಾವನೆ ಅನೇಕ ದೇಶಗಳ ಜನರಲ್ಲಿ ಸ್ವತಂತ್ರವಾಗಿ ಹುಟ್ಟಿದಂತೆ ತೋರುತ್ತದೆ.

ಮೇಷ್ಟರು: ನಮ್ಮ ದೇಶದಲ್ಲಿ?

ಹಿರಿಯರು: ಇಲ್ಲಿ ಕಥೆ ಸ್ವಾರಸ್ಯಕರವಾಗಿದೆ, ಸ್ವಲ್ಪ ವಿಸ್ತರಿಸಿ ಹೇಳುತ್ತೇನೆ. ಮುಂಬಯಿಯಿಂದ ಹಳಿ ಹಾಕಿದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ಕಂಪೆನಿಯವರು ಮುಂಬಯಿಯಿಂದ ಹೊರಡುವ ಗಾಡಿಯನ್ನು ಡೌನ್ ಎಂದೂ ಮುಂಬಯಿಗೆ ಬರುವುದನ್ನು ಅಪ್ ಎಂದೂ ಕರೆದರು. ಮದರಾಸಿನಲ್ಲಿಯೂ ಅದೇ ಕ್ರಮ, ಮದರಾಸಿನ ಕಡೆಗೆ ಬರುವುದು ಅಪ್. ಆದರೆ ಹೌರಾದಿಂದ ಹೊರಟ ಈಸ್ಟ್ ಇಂಡಿಯನ್ ರೈಲ್ವೆ ಇದಕ್ಕೆ ತೀರ ವಿರುದ್ಧವಾದ ಪದ್ಧತಿಯನ್ನು ಹಿಡಿಯಿತು. ಅಲ್ಲಿ ಹೌರಾದಿಂದ ದೂರ ಹೋಗುವುದೇ ಅಪ್. ಕಾಲ್ಕಾ ಮೇಲ್ ಹೌರಾದಿಂದ ಹೊರಡುವಾಗ ಒಂದು ಅಪ್, ಹಿಂದಿರುಗುವಾಗ ಎರಡು ಡೌನ್. 1870ರ ಮಾರ್ಚ್ ತಿಂಗಳಿನಲ್ಲಿ ಮುಂಬಯಿಯ ಮತ್ತು ಹೌರಾದ ಕಂಪೆನಿಗಳ ಹಳಿಗಳು ಜಬಲ್‌ಪುರದಲ್ಲಿ ಕೂಡಿದವು. ಅದರ ಫಲವೇನಾಯಿತೆಂದರೆ, ಹೌರಾವನ್ನು ಬಿಟ್ಟು ಬಂದುದರಿಂದ ಅಪ್ ಆಗಿದ್ದ ಗಾಡಿ, ಜಬಲ್‌ಪುರದಿಂದ ಮುಂದೆ ಮುಂಬಯಿಯ ಕಡೆಗೆ ಹೋಗುವುದರಿಂದಲೂ ಅಪ್ ಆಗಿಯೇ ಉಳಿಯಿತು. ಎರಡು ವಿರುದ್ಧ ಪದ್ಧತಿಗಳು ಎದುರುಬದುರಾಗಿ ಬಂದುದರಿಂದಲೇ ದೇಶದ ಈ ತೀರದಿಂದ ಆ ತೀರಕ್ಕೆ ಒಂದೇ ಹೆಸರು ಅಖಂಡವಾಗಿ ನಡೆಯಿತು. ಇಬ್ಬರೂ ಒಂದೇ ಪದ್ಧತಿಯನ್ನು ಹಿಡಿದಿದ್ದರೆ ನಡುಹಾದಿಯಲ್ಲಿ ಹೆಸರು ಮಗುಚಿಕೊಳ್ಳುತ್ತಿತ್ತು. ದೆಹಲಿಯ ಮಟ್ಟಿಗೆ ಈ ಸೌಭಾಗ್ಯವಿಲ್ಲ. ಮುಂಬಯಿಯಿಂದ ದೆಹಲಿಗೆ ಹೋಗುವ ಗಾಡಿ ಡೌನ್, ಹೌರಾದಿಂದ ದೆಹಲಿಗೆ ಹೋಗುವ ಗಾಡಿ ಅಪ್.

ಮೇಷ್ಟರು: 1911ರಲ್ಲಿ ರಾಜಧಾನಿಯನ್ನೇ ಕಲ್ಕತ್ತೆಯಿಂದ ದೆಹಲಿಗೆ ಬದಲಿಸುವ ಘೋಷಣೆಯಾಯಿತಷ್ಟೆ. ಆಗಲಾದರೂ ಎಲ್ಲವನ್ನೂ ದೆಹಲಿಯ ಲೆಕ್ಕಕ್ಕೆ ತಿದ್ದಬಹುದಾಗಿತ್ತಲ್ಲವೇ?

ಹಿರಿಯರು: ತಿದ್ದಲಿಲ್ಲ, ತಿದ್ದದೆ ಇದ್ದುದು ಒಳ್ಳೆಯದಾಯಿತೆಂದೇ ನನ್ನ ಅಭಿಪ್ರಾಯ. ಹೌರಾದ ಮಾರ್ಗದಲ್ಲಿ ಇಂದಿಗೂ ಹಳೆಯ ಹೆಸರೇ ನಡೆಯುತ್ತಿದೆ. ನಮ್ಮ ಸೀಮೆಯಲ್ಲಿ ಎಷ್ಟು ಯಜಮಾನರು ಬದಲಾದರೆಂಬುದನ್ನು ನೋಡಿ. 1876ರಿಂದ 1878ರವರೆಗಿನ ಘೋರ ಕ್ಷಾಮದ ಬೆನ್ನಿಗೆ ಬೆಂಗಳೂರು-ಮೈಸೂರು ಮಾರ್ಗದ ಕೆಲಸ ನಡೆದು, 1882ರಲ್ಲಿ ರೈಲು ಮೈಸೂರನ್ನು ಮುಟ್ಟಿತು. 1886ರಲ್ಲಿ ಅದರ ಆಡಳಿತ ಸದರ್ನ್ ಮರಾಠಾ ಕಂಪೆನಿಯ ಕೈಗೆ ಹೋಯಿತು. 1908ರಲ್ಲಿ ಆ ಕಂಪೆನಿ ಮದರಾಸಿನದರೊಡನೆ ಕೂಡಿಕೊಂಡಿತು. ನಮ್ಮ ಈ ಅರಸೀಕೆರೆಯ ಮಾರ್ಗವಾದರೋ, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ, ಸಂಸ್ಥಾನವು ಪರರ ಕಂಪೆನಿಗೆ ಕೈಯೊಡ್ಡದೆ ತಾನೇ ರೈಲ್ವೆಯನ್ನು ನಡೆಸಬೇಕೆಂಬ ಸಂಕಲ್ಪದಿಂದ ಕೈಗೊಂಡದ್ದು. 1938ರಲ್ಲಿ ಸಂಸ್ಥಾನ ತನ್ನ ಉಳಿದ ಮಾರ್ಗಗಳನ್ನೂ ವಶಕ್ಕೆ ತೆಗೆದುಕೊಂಡಿತು. 1951ರ ಏಪ್ರಿಲ್ 14ರಂದು ಎಲ್ಲವೂ ದಕ್ಷಿಣ ರೈಲ್ವೆಯಲ್ಲಿ ಲೀನವಾಗಿ ಮುಖ್ಯ ಕಚೇರಿ ಮದರಾಸಾಯಿತು; 2003ರಲ್ಲಿ ನೈಋತ್ಯ ರೈಲ್ವೆ ಹುಟ್ಟಿ ಮುಖ್ಯ ಕಚೇರಿ ಹುಬ್ಬಳ್ಳಿಯಾಯಿತು. ಪ್ರತಿಯೊಂದು ಸಲವೂ ಹೊಸ ಯಜಮಾನನ ಊರನ್ನೇ ತಲೆಯೆಂದು ಮಾಡುತ್ತ ಹೋಗಿದ್ದರೆ ಕೈಕಂಬಗಳ, ಅಂದರೆ ಸಿಗ್ನಲ್ಲುಗಳ, ಹೆಸರುಗಳನ್ನೂ ಪುಸ್ತಕಗಳನ್ನೂ ಕೆಲಸಗಾರನ ನಾಲಗೆಯ ರೂಢಿಯನ್ನೂ ಬದಲಾಯಿಸಬೇಕಾಗುತ್ತಿತ್ತು. ಪುಸ್ತಕವನ್ನು ಒಂದು ರಾತ್ರಿಯಲ್ಲಿ ಬದಲಾಯಿಸಬಹುದು, ಮೇಷ್ಟ್ರೇ. ನಡುರಾತ್ರಿಯಲ್ಲಿ ನಿದ್ದೆಗೆಟ್ಟ ಮನುಷ್ಯನ ನಾಲಗೆಯನ್ನು ಬದಲಾಯಿಸುವುದಕ್ಕೆ ಆಗುವುದಿಲ್ಲ.

ಮೇಷ್ಟರು: ತಾವು ಇದನ್ನು ಇಷ್ಟು ಗಂಭೀರವಾಗಿ ಹೇಳುವುದನ್ನು ಕೇಳಿದರೆ, ಹೆಸರು ತಪ್ಪಿದರೆ ಅನಾಹುತವಾದೀತು ಎಂಬಂತೆ ತೋರುತ್ತದೆ. ಗಾಡಿಗೆ ಸಂಖ್ಯೆಯಿದೆ, ಹೊರಡುವ ಊರಿನ ಹೆಸರಿದೆ, ಸೇರುವ ಊರಿನ ಹೆಸರಿದೆ. ಅಷ್ಟು ಸಾಲದೆ?

ಹಿರಿಯರು: ಪ್ರಯಾಣಿಕನಿಗೆ ಸಾಕು. ಕಾವೇರಿ ಎಕ್ಸ್‌ಪ್ರೆಸ್ ಚೆನ್ನೈಯಿಂದ ಮೈಸೂರಿಗೆ ಬರುವಾಗ 16021, ಮೈಸೂರಿನಿಂದ ಹೊರಡುವಾಗ 16022. ಹಿಂದೆ ಸಂಖ್ಯೆಯ ಪಕ್ಕದಲ್ಲಿ ಅಚ್ಚಾಗುತ್ತಿದ್ದ ಅಪ್-ಡೌನ್ ಎಂಬ ಬಾಲ ಈಗ ಪ್ರಯಾಣಿಕನ ವೇಳಾಪಟ್ಟಿಯಲ್ಲಿ ಉಳಿದಿಲ್ಲ, 2010ರ ಡಿಸೆಂಬರ್ 20ರಿಂದ ಎಲ್ಲ ಗಾಡಿಗಳಿಗೂ ಐದಂಕಿಯ ಸಂಖ್ಯೆ ಬಂತು. ಆದರೆ ಗಾಡಿ ನಡೆಸುವವನಿಗೆ ಇದು ಸಾಲದು. ಅವನ ವರ್ಕಿಂಗ್ ಟೈಮ್‌ಟೇಬಲಿನಲ್ಲಿ ಇಂದಿಗೂ ಅಪ್ ಬೇರೆ, ಡೌನ್ ಬೇರೆ. ಕಾರಣವನ್ನು ಹೇಳುತ್ತೇನೆ, ಸಾವಧಾನವಾಗಿ ಕೇಳಿ, ವಿಷಯದ ಹೃದಯ ಇಲ್ಲಿದೆ. ಮೈಸೂರಿನಿಂದ ಹಾಸನದವರೆಗೆ ನಮ್ಮದು ಒಂಟಿ ಹಳಿ. ಒಂದೇ ಹಳಿಯ ಮೇಲೆ ಎರಡು ಕಡೆಯಿಂದಲೂ ಗಾಡಿಗಳು ಬರಬೇಕು; ನಿಲ್ದಾಣದ ಲೂಪ್ ಲೈನಿನಲ್ಲಿ ಒಂದನ್ನು ಒತ್ತಿಗೆ ನಿಲ್ಲಿಸಿಕೊಂಡು ಇನ್ನೊಂದನ್ನು ಬಿಡಬೇಕು; ಅದನ್ನೇ ನಾವು ಕ್ರಾಸಿಂಗ್ ಎನ್ನುತ್ತೇವೆ. ಎರಡು ನಿಲ್ದಾಣಗಳ ನಡುವೆ ಒಂದು ಗಾಡಿ ಇರುವಾಗ ಮತ್ತೊಂದು ಅಲ್ಲಿಗೆ ಕಾಲಿಡಕೂಡದು. ಇದನ್ನು ಕಾಯುವವರು ಇಬ್ಬರು ಮಾಸ್ಟರುಗಳು, ಇಲ್ಲಿ ಒಬ್ಬ, ಮೈಲಿಗಟ್ಟಲೆ ಆಚೆ ಇನ್ನೊಬ್ಬ. ಒಬ್ಬನ ಮುಖವನ್ನು ಇನ್ನೊಬ್ಬ ನೋಡುವುದಿಲ್ಲ. ಒಬ್ಬನ ಕಣ್ಣಿನ ಮುಂದಿರುವುದು ಇನ್ನೊಬ್ಬನ ಕಣ್ಣಿಗೆ ಬೀಳುವುದಿಲ್ಲ.

ಮೇಷ್ಟರು: ಮತ್ತೆ ನಂಬಿಕೆ ಹೇಗೆ?

ಹಿರಿಯರು: ಅದಕ್ಕೆಂದೇ ಲೈನ್ ಕ್ಲಿಯರ್ ಎಂಬ ವಿಧಾನ. ಗಾಡಿಯನ್ನು ಬಿಡುವವನು ತಾನಾಗಿ ಬಿಡುವಂತಿಲ್ಲ, ಮುಂದಿನ ನಿಲ್ದಾಣದವನನ್ನು ಕೇಳಬೇಕು. ಅವನು, ಹಿಂದೆ ಹೋದ ಗಾಡಿ ಬಾಲದ ಗುರುತಿನ ಸಮೇತ ಪೂರ್ತಿಯಾಗಿ ತನ್ನಲ್ಲಿಗೆ ಬಂದು ಸೇರಿತೆಂಬುದನ್ನು ಕಣ್ಣಾರೆ ನೋಡಿಕೊಂಡು, ಕೈಕಂಬವನ್ನು ಮತ್ತೆ ತಡೆಯ ಸ್ಥಿತಿಗೆ ತಂದು, ಆಮೇಲೆ ಒಪ್ಪಿಗೆಯನ್ನು ಕೊಡಬೇಕು. ಆ ಒಪ್ಪಿಗೆ ನಿಜವೆಂಬುದಕ್ಕೆ ಪ್ರೈವೇಟ್ ನಂಬರ್ ಎಂಬ ಗುಪ್ತ ಸಂಖ್ಯೆಯನ್ನು ಹೇಳುವ ಪದ್ಧತಿಯೂ ಉಂಟು. ಕೇಳಿದವನು ಅದನ್ನು ಬರೆದುಕೊಳ್ಳುತ್ತಾನೆ. ನಮ್ಮ ಕಾಲದಲ್ಲಿ ನೀಲ್ಸ್ ಟೋಕನ್ ಯಂತ್ರಗಳಿದ್ದವು. ಎರಡು ನಿಲ್ದಾಣಗಳ ಯಂತ್ರಗಳೂ ಒಂದಕ್ಕೊಂದು ವಿದ್ಯುತ್ತಿನಿಂದ ಬಿಗಿದವಾದುದರಿಂದ ಆಚೆಯವನು ಒಪ್ಪಿದ ಹೊರತು ಈಚೆಯವನಿಗೆ ಟೋಕನ್ನಿನ ಗುಂಡು ಹೊರಗೆ ಬಾರದು. ಒಂದು ಗುಂಡು ಹೊರಗಿರುವಾಗ ಎರಡನೆಯದು ಎಷ್ಟು ಮಾಡಿದರೂ ಬಾರದು. ಆ ಗುಂಡನ್ನು ಚರ್ಮದ ಚೀಲದಲ್ಲಿಟ್ಟು, ಬೆತ್ತದ ಬಳೆಗೆ ಕಟ್ಟಿ ಡ್ರೈವರನ ಕೈಗೆ ಕೊಟ್ಟರೆ ಅದೇ ಅವನಿಗೆ ಮುಂದೆ ಹೋಗಲು ಅಧಿಕಾರ. ಈಗ ಆ ಯಂತ್ರದ ಹಿಡಿಯನ್ನು ನೆನೆದು ನೋಡಿ. ಅದಕ್ಕೆ ಮೂರು ಸ್ಥಾನಗಳು: ಹಾದಿ ಮುಚ್ಚಿದೆ, ಗಾಡಿ ಹೋಗುತ್ತಿದೆ, ಗಾಡಿ ಬರುತ್ತಿದೆ. ಕೃಷ್ಣರಾಜನಗರದಿಂದ ಒಂದು ಗಾಡಿ ಸಾಗರಕಟ್ಟೆಯ ಕಡೆಗೆ ಹೊರಟರೆ, ನನ್ನ ಯಂತ್ರದಲ್ಲಿ ಗಾಡಿ ಹೋಗುತ್ತಿದೆ, ಮುಂದಿನ ನಿಲ್ದಾಣದವನ ಯಂತ್ರದಲ್ಲಿ ಅದೇ ಗಾಡಿ ಬರುತ್ತಿದೆ. ನನಗೆ ಹೋಗುವುದು ಅವನಿಗೆ ಬರುವುದು. ಇಬ್ಬರಿಗೂ ಒಂದೇ ಆಗಿ ಉಳಿಯುವ ಮಾತು ಯಾವುದು?

ಮೇಷ್ಟರು: ಅಪ್ ಅಥವಾ ಡೌನ್.

ಹಿರಿಯರು: ಹೌದು. ನನ್ನ ರಿಜಿಸ್ಟರಿನಲ್ಲಿ ಅದು ಯಾವ ಹೆಸರಿನಿಂದ ಬರೆಯಲ್ಪಟ್ಟಿದೆಯೋ ಅವನ ರಿಜಿಸ್ಟರಿನಲ್ಲಿಯೂ ಅದೇ. ಮೈಸೂರಿನ ಕಂಟ್ರೋಲಿನಲ್ಲಿ ಕುಳಿತವನ ನಕ್ಷೆಯಲ್ಲಿಯೂ ಅದೇ. ಗಾಡಿಯಲ್ಲಿರುವ ಡ್ರೈವರಿಗೂ ಗಾರ್ಡಿಗೂ ಅದೇ. ಗೇಟಿನ ಬಳಿ ಎತ್ತಿನ ಗಾಡಿಗಳನ್ನೂ ಹೊಗೆಸೊಪ್ಪಿನ ಲಾರಿಗಳನ್ನೂ ತಡೆದು ನಿಲ್ಲಿಸಿದ ಗೇಟ್‌ಮನ್ನನಿಗೂ ಅದೇ. ಬರುವುದು, ಹೋಗುವುದು, ಈಚೆ, ಆಚೆ, ಎಡ, ಬಲ, ಎಂಬ ಮಾತುಗಳೆಲ್ಲ ಆಡುವವನ ದೇಹಕ್ಕೆ ಅಂಟಿಕೊಂಡವು, ಅವನು ತಿರುಗಿದರೆ ತಿರುಗುವಂಥವು. ಹಳಿಗೆ ಅಂಟಿಕೊಂಡ ಮಾತುಗಳು ಇವೆರಡೇ. ನಿಲ್ದಾಣದ ಕೈಕಂಬಗಳನ್ನೂ ಹಾಗೆಯೇ ಕರೆಯುತ್ತಾರೆ; ಈ ತುದಿಯದು ಅಪ್ ಹೋಮ್ ಆದರೆ ಆ ತುದಿಯದು ಡೌನ್ ಹೋಮ್. ಹಳಿ ಕವಲೊಡೆಯುವ ಜಾಗದಲ್ಲಿ ಪಾಯಿಂಟ್ ಇರುತ್ತದಷ್ಟೆ. ಒಂದು ಕಡೆಯಿಂದ ಬರುವ ಗಾಡಿಗೆ ಅದು ಮುಖಾಮುಖಿಯಾದುದರಿಂದ ತಪ್ಪಿದರೆ ಬೇರೆ ಹಳಿಗೆ ಎಳೆದೊಯ್ಯುತ್ತದೆ, ಇನ್ನೊಂದು ಕಡೆಯಿಂದ ಬರುವುದಕ್ಕೆ ಅದು ಕೇವಲ ಕೂಡುದಾರಿ. ಒಂದೇ ಕಬ್ಬಿಣದ ನಾಲಗೆ ಅಪ್ ಗಾಡಿಗೆ ಬೇರೆ ರೀತಿಯ ಅಪಾಯ, ಡೌನ್ ಗಾಡಿಗೆ ಬೇರೆ ರೀತಿಯದು. ಹೀಗಿರುವಾಗ ಯಾವ ದಿಕ್ಕಿನ ಗಾಡಿ ಎಂಬುದನ್ನು ಸಂದೇಹಕ್ಕೆ ಎಡೆಯಿಲ್ಲದಂತೆ ಹೇಳಲಾರದವನಿಗೆ ಆ ಪಾಯಿಂಟನ್ನು ಒಪ್ಪಿಸುವುದು ಹೇಗೆ?

ಮೇಷ್ಟರು: ಬೆಂಗಳೂರಿಗೆ ಈಗ ಜೋಡಿ ಹಳಿ. ಅಲ್ಲಿ ಒಂದು ಹಳಿಯಲ್ಲಿ ಹೋಗುತ್ತವೆ, ಇನ್ನೊಂದರಲ್ಲಿ ಬರುತ್ತವೆ. ಎದುರುಬದುರಾಗುವ ಭಯ ಕಡಮೆ. ಅಲ್ಲಿ ಈ ಹೆಸರಿಗೆ ಇಷ್ಟು ಬೆಲೆ ಇರಲಾರದಲ್ಲವೇ?

ಹಿರಿಯರು: ಬೆಲೆ ಬೇರೆ ರೂಪದಲ್ಲಿ ಹೆಚ್ಚುತ್ತದೆ. ಅಲ್ಲಿ ಹೆಸರು ಗಾಡಿಗೆ ಮಾತ್ರವಲ್ಲದೆ ಹಳಿಗೇ ಅಂಟುತ್ತದೆ, ಒಂದು ಅಪ್ ಲೈನ್, ಒಂದು ಡೌನ್ ಲೈನ್. ಯೋಚಿಸಿ ನೋಡಿ, ಒಂದು ಗೂಡ್ಸ್ ಗಾಡಿ ಹಳಿ ತಪ್ಪಿ ಅದರ ಡಬ್ಬಿಗಳು ಪಕ್ಕದ ಹಳಿಯ ಮೇಲೂ ಚೆಲ್ಲಿಕೊಂಡಿವೆ. ಗಾಡಿಯ ಸಿಬ್ಬಂದಿ ಮೊದಲು ಓಡಬೇಕಾದುದು ತಮ್ಮ ಹಳಿಯ ಹಿಂದಕ್ಕಲ್ಲ. ಪಕ್ಕದ ಹಳಿಯಲ್ಲಿ ಗಾಡಿ ಯಾವ ಕಡೆಯಿಂದ ಬರುವುದೋ ಆ ಕಡೆಗೆ. ಬ್ರಾಡ್‌ಗೇಜಿನಲ್ಲಿ 600 ಮೀಟರ್ ಓಡಿ ಒಂದು ಪಟಾಕಿಯನ್ನು, ಅಂದರೆ ಚಕ್ರದ ಕೆಳಗೆ ಸಿಡಿದು ಡ್ರೈವರನ್ನು ಎಚ್ಚರಿಸುವ ಡಿಟೊನೇಟರನ್ನು, ಹಳಿಯ ಮೇಲಿಟ್ಟು, 1200 ಮೀಟರಿಗೆ ಹೋಗಿ ಹತ್ತತ್ತು ಮೀಟರ್ ಅಂತರದಲ್ಲಿ ಇನ್ನೂ ಮೂರನ್ನು ಇಡಬೇಕು. ಕತ್ತಲೆ, ಮಳೆ, ಮನಸ್ಸಿನಲ್ಲಿ ಕಳವಳ; ಎದುರು ದಿಕ್ಕಿಗೆ ಓಡಿದನೆಂದರೆ ಓಡಿದ ಪ್ರತಿಯೊಂದು ಹೆಜ್ಜೆಯೂ ವ್ಯರ್ಥ. ಆ ಗಳಿಗೆಯಲ್ಲಿ ಇದು ಡೌನ್ ಲೈನ್, ಇದರಲ್ಲಿ ಗಾಡಿ ಆ ಕಡೆಯಿಂದ ಬರುತ್ತದೆ ಎಂಬ ಜ್ಞಾನ ಅವನಿಗೆ ವಿಚಾರ ಮಾಡಿ ತಿಳಿಯಬೇಕಾದುದಾಗಿರಕೂಡದು, ಕಾಲಿನಲ್ಲಿಯೇ ಇರಬೇಕು.

ಮೇಷ್ಟರು: ಇಷ್ಟನ್ನು ಕೇಳಿದ ಮೇಲೆ ನನ್ನ ಮನಸ್ಸು ನಮ್ಮ ಸೀಮೆಯ ಕಡೆಗೇ ಹೋಗುತ್ತದೆ. ಈ ನಾಲ್ಕು ತಾಲ್ಲೂಕುಗಳ ಪೈಕಿ ಹಳಿಯಿರುವುದು ಕೃಷ್ಣರಾಜನಗರಕ್ಕೆ ಮಾತ್ರ. ಹುಣಸೂರಿಗಿಲ್ಲ, ಪಿರಿಯಾಪಟ್ಟಣಕ್ಕಿಲ್ಲ, ಹೆಗ್ಗಡದೇವನಕೋಟೆಗಿಲ್ಲ. ಹರಾಜಿನ ಕಟ್ಟೆಯಿಂದ ಹೊರಡುವ ನಮ್ಮ ಹೊಗೆಸೊಪ್ಪೆಲ್ಲ ಲಾರಿಯ ಮೇಲೆಯೇ ಹೋಗುತ್ತದೆ. ಮೈಸೂರಿನಿಂದ ಕುಶಾಲನಗರಕ್ಕೆ 87 ಕಿಲೋಮೀಟರುಗಳ ಹೊಸ ಮಾರ್ಗದ ಪ್ರಸ್ತಾವವನ್ನು ಕೇಳುತ್ತಲೇ ಇದ್ದೇವೆ. ಅದು ಬಂದರೆ ನಮ್ಮ ಊರಿನ ಹಳಿಗೆ ತಲೆ ಯಾವ ಕಡೆ?

ಹಿರಿಯರು: ಬರಲಿ ಎಂಬುದು ನನ್ನ ಮನಸ್ಸಿನ ಆಸೆಯೂ ಹೌದು. ಮೊದಲನೆಯ ಗಾಡಿ ಓಡುವುದಕ್ಕೆ ಮುಂಚೆಯೇ, ಮೊದಲನೆಯ ಕೈಕಂಬ ನೆಡುವುದಕ್ಕೂ ಮುಂಚೆಯೇ, ಅದು ಕಾಗದದ ಮೇಲೆ ನಿಶ್ಚಯವಾಗಬೇಕು. ಕಟ್ಟುವವರಲ್ಲಿ ನನ್ನ ಮಾತು ನಡೆಯುವುದಾದರೆ ನಾನು ಹೇಳುವುದು ಇಷ್ಟೇ. ಹೊಸ ಹಳಿ ಹಳೆಯ ಹಳಿಯಿಂದ ಕವಲೊಡೆಯುವ ಜಾಗದಲ್ಲಿ, ಮೈಸೂರಿನಿಂದ ಹೊರಟ ಗಾಡಿಯ ಹೆಸರು ಹೊರಳಕೂಡದು. ಮೈಸೂರನ್ನು ಬಿಡುವಾಗ ಯಾವ ಹೆಸರಿನಿಂದ ಬಿಟ್ಟಿತೋ ಅದೇ ಹೆಸರಿನಿಂದ ಹುಣಸೂರನ್ನೂ ಪಿರಿಯಾಪಟ್ಟಣವನ್ನೂ ದಾಟಿ ಕುಶಾಲನಗರವನ್ನು ಮುಟ್ಟಬೇಕು. ಜಂಕ್ಷನ್ನಿನ ಮಾಸ್ಟರನು ಒಂದು ಕೈಯಲ್ಲಿ ಅಪ್ ಎಂದು ತೆಗೆದುಕೊಂಡ ಗಾಡಿಯನ್ನು ಇನ್ನೊಂದು ಕೈಯಲ್ಲಿ ಡೌನ್ ಎಂದು ಬಿಡಬೇಕಾದ ಸ್ಥಿತಿ ಅನೇಕ ಜಂಕ್ಷನ್ನುಗಳಲ್ಲಿ ಅನಿವಾರ್ಯವಾಗಿ ಇದೆ, ಅಲ್ಲಿ ಹಳಿಗಳನ್ನು ಬೇರೆ ಬೇರೆ ಜನ ಬೇರೆ ಬೇರೆ ಕಾಲದಲ್ಲಿ ಹಾಕಿದರು. ಹೊಸದಾಗಿ ಕಟ್ಟುವಾಗ ಆ ತೊಡಕನ್ನು ತಾವಾಗಿ ಬರಮಾಡಿಕೊಳ್ಳಬೇಕಾದುದಿಲ್ಲ.

ಮೇಷ್ಟರು: ಹುಡುಗನಿಗೆ ಇದನ್ನೆಲ್ಲ ಹೇಗೆ ಹೇಳಲಿ? ಟೋಕನ್ನನ್ನು ಅವನು ನೋಡಿಲ್ಲ, ಕೈಕಂಬವನ್ನೂ ನೋಡಿಲ್ಲ.

ಹಿರಿಯರು: ಹೇಳಬೇಡಿ, ಆಡಿಸಿ. ಇಬ್ಬರು ಹುಡುಗರನ್ನು ಎರಡು ಕೋಣೆಗಳಲ್ಲಿ ಕುಳ್ಳಿರಿಸಿ. ಒಬ್ಬ ಹುಣಸೂರಿನ ಮಾಸ್ಟರು, ಇನ್ನೊಬ್ಬ ಪಿರಿಯಾಪಟ್ಟಣದವನು. ಇಬ್ಬರ ಕೈಗೂ ಒಂದೊಂದು ಗೆರೆ ಎಳೆದ ಕಾಗದವನ್ನು ಕೊಡಿ. ಆದರೆ ಒಬ್ಬನ ಕಾಗದವನ್ನು ತಲೆಕೆಳಗಾಗಿ ಇಟ್ಟಿರಬೇಕು, ಅದು ಇನ್ನೊಬ್ಬನಿಗೆ ತಿಳಿಯಕೂಡದು. ಗಾಡಿಗಳನ್ನು ಬಿಡುವಂತೆ ಹೇಳಿ. ಮೊದಲು ಎಡಕ್ಕೆ, ಬಲಕ್ಕೆ, ಬರುತ್ತಿದೆ, ಹೋಗುತ್ತಿದೆ ಎಂಬ ಮಾತುಗಳಲ್ಲಿಯೇ ಆಡಲಿ. ಹೆಚ್ಚು ಹೊತ್ತಾಗುವುದಕ್ಕೆ ಮುಂಚೆಯೇ ಎರಡು ಗಾಡಿಗಳು ಒಂದೇ ಗೆರೆಯ ಮೇಲೆ ಎದುರಾಗುತ್ತವೆ. ಆಮೇಲೆ ಮೈಸೂರಿನ ಕಡೆಯನ್ನು ಅಪ್ ಎಂದು ಹಲಗೆಯ ಮೇಲೆ ಬರೆದು, ಆ ಮಾತುಗಳನ್ನೆಲ್ಲ ನಿಷೇಧಿಸಿ, ಮತ್ತೆ ಆಡಿಸಿ.

ಮೇಷ್ಟರು: ಮಿಕ್ಕ ಹುಡುಗರು?

ಹಿರಿಯರು: ಒಬ್ಬನನ್ನು ಕಂಟ್ರೋಲಿನಲ್ಲಿ ಕುಳ್ಳಿರಿಸಿ. ಗೇಟಿಗೆ ಇಬ್ಬರು. ಪ್ರಶ್ನೆ ಕೇಳಿದ ಹುಡುಗನನ್ನು ಡ್ರೈವರಾಗಿ ಮಾಡಿ. ಅವನ ಕೈಗೆ ಗುಂಡಿನ ಬದಲು ಒಂದು ಗೋಲಿಯನ್ನು ಕೊಟ್ಟು, ಅದು ಕೈಯಲ್ಲಿಲ್ಲದೆ ಒಂದು ಹೆಜ್ಜೆಯನ್ನೂ ಇಡಕೂಡದೆಂದು ಮೊದಲೇ ತಿಳಿಸಿ.